ಸಕ್ಕರೆ ಬುರುಡೆಯ ಹಣೆಯಲ್ಲಿ ತಂಗಿಯ ಹೆಸರು

ಊದ್ ಮೇಥಾ, ಮೂರನೇ ಮಹಡಿ

ದುಬೈಗೆ ಹೋಗಿ ಬಂದೆ ಎಂದರೆ ನಮ್ಮ ಕಾಪು ಕಡೆಯವರು ಮೊದಲು ಕೇಳುವುದು ಆ ಎತ್ತರದ ಗೋಪುರ ನೋಡಿದೆಯಾ ಎಂದು. ನೋಡಿದ್ದೇನೆ, ಎರಡು ಸಲ. ಎರಡು ಸಲವೂ ಆಸ್ಪತ್ರೆಯ ಕಾರಿಡಾರಿನ ಕಿಟಕಿಯಿಂದ. ಮರಳಿನಲ್ಲಿ ಜೀಪು ಹಾರಿಸುವುದು, ಒಂಟೆ ಸವಾರಿ, ಇವೆಲ್ಲ ನನ್ನ ಪಾಲಿಗೆ ಬರಲಿಲ್ಲ. ನಾನು ಹೋದದ್ದು ತಂಗಿ ವಸಂತಿಯ ಆಪರೇಷನ್ನಿಗೆ. ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು ಎಂದಿದ್ದರು ಡಾಕ್ಟರು. ಕ್ಯಾನ್ಸರ್ ಗಿನ್ಸರ್ ಅಲ್ಲ ಎಂಬುದನ್ನು ಅವಳು ಫೋನಿನಲ್ಲಿ ಮೂರು ಸಲ ಹೇಳಿದ್ದರಿಂದಲೇ ನನಗೆ ಹೆದರಿಕೆ ಹುಟ್ಟಿದ್ದು.

ವಸಂತಿ ಹದಿನೆಂಟು ವರ್ಷಗಳಿಂದ ಅಲ್ಲಿನ ಒಂದು ಭಾರತೀಯ ಶಾಲೆಯ ಆಫೀಸಿನಲ್ಲಿದ್ದಾಳೆ. ಮದುವೆಯಾಗಲಿಲ್ಲ. ಇರುವುದು ಸ್ಟುಡಿಯೊ ಫ್ಲ್ಯಾಟಿನಲ್ಲಿ. ಅಂದರೆ ಒಂದೇ ಕೋಣೆ. ಒಲೆ, ಮಂಚ, ದೇವರು ಎಲ್ಲ ಅದರೊಳಗೇ. ಮೊದಲ ದಿನ ಬಚ್ಚಲಲ್ಲಿ ತಣ್ಣೀರಿನ ನಲ್ಲಿ ಬಿಟ್ಟು ಕೈ ಒಡ್ಡಿ "ಅಯ್ಯೋ" ಎಂದೆ. ಅಕ್ಟೋಬರ್ ಬಂದರೂ ಮಹಡಿಯ ಟ್ಯಾಂಕಿಯ ನೀರು ಬಿಸಿಬಿಸಿ.

"ತಣ್ಣೀರು ಬೇಕಾದ್ರೆ ಬಿಸಿನೀರಿನ ನಲ್ಲಿ ಬಿಡು ಅಕ್ಕ," ಎಂದಳು ವಸಂತಿ. "ಹೀಟರ್ ಆಫ್ ಮಾಡಿಟ್ಟಿದ್ದೇನೆ. ಅದರೊಳಗಿನದ್ದು ಮನೆಯ ಎಸಿಗೆ ತಣಿದಿರ್ತದೆ. ಇಲ್ಲಿ ಎಲ್ಲ ಉಲ್ಟಾ."

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಬರೆಯುವಾಗ ಅದು ನಮ್ಮ ಕರಾವಳಿಯ ಕನ್ನಡವಾಗುತ್ತದೆ, ಅಷ್ಟೇ.

ಬಂದ ನಾಲ್ಕನೇ ದಿನ ಮಾಡಿಟ್ಟ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ವಿಮೆಯ ಒಪ್ಪಿಗೆ ಬರುವುದು ತಡವಾಗಿ ಆಪರೇಷನ್ ಎರಡು ವಾರ ಮುಂದಕ್ಕೆ ಹೋಯಿತು, ನವೆಂಬರ್ ಆರಕ್ಕೆ. ನನ್ನ ವಿಸಿಟ್ ವೀಸಾ ಒಂದೇ ತಿಂಗಳದ್ದು. ಅದನ್ನು ಹೇಗಾದರೂ ಮುಂದುವರಿಸೋಣವೆಂದರೆ ಊರಲ್ಲಿ ಬಸುರಿ ಮಗಳಿಗೆ ತಿಂಗಳು ತುಂಬುತ್ತಿತ್ತು. ಆಪರೇಷನ್ ಆಗಿ ಒಂಬತ್ತೇ ದಿನಕ್ಕೆ ನಾನು ಹೊರಡಬೇಕು. ಆರು ವಾರ ಒಂದು ಕೊಡಪಾನವನ್ನೂ ಎತ್ತಬಾರದು ಎಂದಿದ್ದರು ಡಾಕ್ಟರು. ಉಳಿದ ದಿನ ಇವಳನ್ನು ನೋಡಿಕೊಳ್ಳುವವರು ಯಾರು?

"ಎದುರಿನ ಮನೆಯ ಲೂಪೆಯನ್ನು ಕೇಳುವ," ಎಂದೆ.

"ಯಾರನ್ನೂ ಕೇಳ್ಲಿಕ್ಕಿಲ್ಲ. ನಾನು ಮ್ಯಾನೇಜ್ ಮಾಡ್ತೇನೆ."

"ಆ ಕೊರೊನಾದಲ್ಲಿ ನೀನು ಅವಳಿಗೆ ಹದಿನಾಲ್ಕು ದಿನ ಬಾಗಿಲಲ್ಲಿ ಗಂಜಿ ಇಟ್ಟಿದ್ದೀಯಂತಲ್ಲ?"

"ಅದು ಬೇರೆ. ಕೊಡುವುದು ಸುಲಭ ಅಕ್ಕ. ಖಲಾಸ್, ಬಿಡು ಆ ಮಾತು."

ನಮ್ಮ ವಸಂತಿ ಹಾಗೇ. ಚಿಕ್ಕವಳಿದ್ದಾಗ ಜ್ವರ ಬಂದರೂ ಒಂದು ಲೋಟ ನೀರು ಕೊಡು ಎಂದು ಬಾಯಿಬಿಟ್ಟವಳಲ್ಲ. ತಾನೇ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ಬರ್ ದುಬೈ, ಹೂವಿನ ಗಲ್ಲಿ

ಲೂಪೆ ಮೆಕ್ಸಿಕೊ ದೇಶದವಳು. ಪೂರ್ತಿ ಹೆಸರು ಗ್ವಾದಲೂಪೆ. ಒಂದು ಹೋಟೆಲಿನಲ್ಲಿ ಬ್ರೆಡ್ಡು, ಕೇಕು ಮಾಡುವ ವಿಭಾಗದಲ್ಲಿದ್ದಾಳೆ. ನನ್ನದೇ ಪ್ರಾಯ, ನನ್ನ ಹಾಗೆಯೇ ಮಂಡಿನೋವು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬರುವಾಗ ಅವಳ ಜೊತೆ ಬೆಣ್ಣೆಯ ಪರಿಮಳವೂ ಲಿಫ್ಟಿನಿಂದ ಇಳಿಯುತ್ತದೆ. ನಮ್ಮಿಬ್ಬರದೂ ಮುರುಕು ಇಂಗ್ಲಿಷ್. ಆದರೆ ಎರಡು ಮುರುಕನ್ನು ಜೋಡಿಸಿದರೆ ಒಂದು ಮಾತುಕತೆಗೆ ಸಾಕಾಗುತ್ತಿತ್ತು. ವಸಂತಿ ನನ್ನನ್ನು ಕರೆಯುವುದು ಕೇಳಿ ಅವಳೂ "ಅಕ್ಕಾ" ಎಂದೇ ಶುರುಮಾಡಿದಳು.

ಒಂದು ದಿನ ಫೋನಿನಲ್ಲಿ ಹೂವಿನ ಚಿತ್ರ ತೋರಿಸಿ, "ಅಕ್ಕಾ, ಇದು ಎಲ್ಲಿ ಸಿಗುತ್ತದೆ? ತುಂಬಾ ಬೇಕು," ಎಂದಳು. ನೋಡಿದರೆ ನಮ್ಮ ಗೊಂಡೆ ಹೂವು, ಘಟ್ಟದ ಮೇಲಿನವರು ಚೆಂಡು ಹೂವು ಎನ್ನುವುದು. ನವೆಂಬರ್ ಒಂದು, ಎರಡಕ್ಕೆ ಅವರಲ್ಲಿ ಸತ್ತವರ ಹಬ್ಬವಂತೆ. ಆ ದಿನ ಹಿರಿಯರು ಮನೆಗೆ ಬರುತ್ತಾರೆ. ದಾರಿ ತಪ್ಪದಿರಲಿ ಎಂದು ಬಾಗಿಲಿನಿಂದ ಒಳಗಿನವರೆಗೆ ಈ ಹೂವಿನ ಎಸಳು ಚೆಲ್ಲಬೇಕು. ಬಣ್ಣಕ್ಕೂ ವಾಸನೆಗೂ ಅವರಿಗೆ ಗುರುತು ಸಿಗುತ್ತದಂತೆ.

ಹೂವಿನ ವಿಷಯದಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ಬರ್ ದುಬೈಯ ಪೂಜಾ ಸಾಮಾನಿನ ಗಲ್ಲಿಗೆ ಅವಳನ್ನು ಕರೆದುಕೊಂಡು ಹೋದೆ. ಮೆಟ್ರೋದಲ್ಲಿ ಗಂಟಲು ಕೆರೆಯಿತೆಂದು ಚೀಲದಿಂದ ಒಂದು ಶುಂಠಿ ಪೆಪ್ಪರಮಿಂಟು ತೆಗೆದೆ. ಲೂಪೆ ಹೌಹಾರಿ ನನ್ನ ಕೈಯನ್ನೇ ಮುಚ್ಚಿ ಹಿಡಿದಳು. ಅಲ್ಲಿ ಮೆಟ್ರೋದೊಳಗೆ ಏನೂ ತಿನ್ನುವ ಹಾಗಿಲ್ಲವಂತೆ, ದಂಡ ಹಾಕುತ್ತಾರೆ. ಎರಡು ನಿಲ್ದಾಣ ಹಾಗೇ ಕೈಕೈ ಹಿಡಿದು ಕುಳಿತೆವು. ಎದುರಿನ ಸೀಟಿನ ಅರಬ್ಬಿ ಹೆಂಗಸು ನಕ್ಕಳು.

ಹೂವಿನಂಗಡಿಯವನು ನಮ್ಮ ಕಡೆಯವನೇ, ಬಂಟ್ವಾಳದವನು. ಲೂಪೆ ಆರಿಸಿಟ್ಟ ರಾಶಿ ನೋಡಿ ಕೇಳಿದ, "ಇಷ್ಟೆಲ್ಲ ಎಂತಕ್ಕೆ ಅಕ್ಕ? ಮದುವೆಯಾ?"

"ಅಲ್ಲ ಮಾರಾಯ. ಸತ್ತವರಿಗೆ."

ಅವನ ಕೈ ತಕ್ಕಡಿಯ ಮೇಲೆ ನಿಂತಿತು. "ಯಾರು ಹೋದದ್ದು?"

"ಯಾರೂ ಹೋಗ್ಲಿಲ್ಲ. ಹೋದವರು ಬರ್ಲಿಕ್ಕುಂಟು."

ಅವನು ಲೂಪೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಒಂದು ಹಿಡಿ ಹೆಚ್ಚೇ ಹಾಕಿಕೊಟ್ಟ.

ಅಬುಧಾಬಿ, ರೋಸಾಳ ಊಟದ ಮೇಜು

ಹಬ್ಬಕ್ಕೆ ಬೇಕಾದ ಇನ್ನೊಂದು ಸಾಮಾನು ಅಬುಧಾಬಿಯಲ್ಲಿತ್ತು. ಅಲ್ಲಿ ಲೂಪೆಯ ಊರಿನವಳೇ ಆದ ರೋಸಾ ಎಂಬ ಗೆಳತಿಯಿದ್ದಾಳೆ. ಬುರುಡೆಯ ಅಚ್ಚುಗಳು ಇರುವುದು ಅವಳ ಹತ್ತಿರ ಮಾತ್ರ. ವಸಂತಿ ಶಾಲೆಗೆ ಹೋದ ಮೇಲೆ ನಾನೂ ಲೂಪೆಯ ಜೊತೆ ಬಸ್ಸು ಹತ್ತಿದೆ. ಒಳಗೊಳಗೇ ನನ್ನದೊಂದು ಸ್ವಾರ್ಥವಿತ್ತು. ವಸಂತಿಗೆ ಗೊತ್ತಾಗದ ಹಾಗೆ ಆ ಆರು ವಾರದ ಮಾತು ಎತ್ತಬೇಕು. ಎರಡು ಗಂಟೆಯ ದಾರಿ, ಎರಡೂ ಬದಿಗೆ ಮರಳು, ಮರಳಿನಲ್ಲಿ ಸಾಲಾಗಿ ನೆಟ್ಟ ಖರ್ಜೂರದ ಮರ. ಪ್ರತಿ ಮರದ ಬುಡಕ್ಕೂ ನೀರಿನ ಪೈಪು ಕಂಡೆ. ಮಾತು ಬಾಯಿಯವರೆಗೆ ಬಂದು ಬಂದು ಹಿಂದೆ ಹೋಯಿತು. ಕೇಳಬೇಡ ಎಂದು ತಂಗಿ ಹೇಳಿದ್ದನ್ನು ಮೀರುವುದು ಹೇಗೆ?

ರೋಸಾಳ ಮನೆಯಲ್ಲಿ ಊಟದ ಮೇಜಿನ ತುಂಬ ಸಕ್ಕರೆ. ಒದ್ದೆ ಮರಳಿನ ಹದಕ್ಕೆ ಕಲಸಿ, ಮಣ್ಣಿನ ಅಚ್ಚಿಗೆ ಒತ್ತಿ ತುಂಬಿ, ರಟ್ಟಿನ ಮೇಲೆ ಕವುಚುತ್ತಿದ್ದರು. ಅಚ್ಚು ಎತ್ತಿದರೆ ಕಣ್ಣಿನ ಕುಳಿ, ಹಲ್ಲಿನ ಸಾಲು ಸಮೇತ ಅರ್ಧ ಬುರುಡೆ. ಹಿಂಭಾಗದ್ದು ಇನ್ನೊಂದು ಅರ್ಧ. ಒಣಗಿದ ಮೇಲೆ ಎರಡನ್ನೂ ಅಂಟಿಸಬೇಕು. ಸಮುದ್ರದ ಗಾಳಿ ತಾಗಿದರೆ ಕರಗುತ್ತದೆಂದು ಕಿಟಕಿಯೆಲ್ಲ ಮುಚ್ಚಿ ಎಸಿ ಹಾಕಿದ್ದರು. ನಾನು ಮೊದಲು ಕವುಚಿದ ಬುರುಡೆಯ ಮೂಗು ಅಚ್ಚಿನಲ್ಲೇ ಉಳಿಯಿತು. ಎರಡನೆಯದಕ್ಕೆ ಗಲ್ಲವೇ ಇಲ್ಲ. ರೋಸಾ ಅದನ್ನೆತ್ತಿ ತಿರುಗಿಸಿ ನೋಡಿ, ತನ್ನ ಅತ್ತೆಯ ಹಾಗೇ ಇದೆ ಎಂದಳು.

ಹಿಂದಿನ ದಿನವೇ ಒಣಗಿಸಿಟ್ಟವನ್ನು ಅಲಂಕರಿಸುವ ಹೊತ್ತಿಗೆ ನನ್ನ ಮರ್ಯಾದೆ ವಾಪಸು ಬಂತು. ಮೂವತ್ತು ವರ್ಷದಿಂದ ಹೊಲಿಗೆ ತರಗತಿ ನಡೆಸುವವಳು ನಾನು. ಪ್ಲಾಸ್ಟಿಕ್ ಕೋನಿನಿಂದ ಬಣ್ಣದ ಸಕ್ಕರೆ ಹಿಂಡಿ ಗೆರೆ ಎಳೆಯುವುದೆಂದರೆ ಚೈನ್ ಸ್ಟಿಚ್ ಹಾಕಿದ ಹಾಗೆಯೇ. ಕಣ್ಣಿನ ಸುತ್ತ ದಳ, ಕೆನ್ನೆಗೆ ಬಳ್ಳಿ, ತಲೆಯ ಮೇಲೆ ಜೇಡರ ಬಲೆ, ಕಣ್ಣಿಗೆ ಹೊಳೆಯುವ ಬೇಗಡೆ. ಮೊದಲ ಅರ್ಧ ಗಂಟೆ ಕೈಯಲ್ಲಿ ಹಿಡಿದಿರುವುದು ತಲೆಬುರುಡೆ ಎಂಬ ಅಳುಕಿತ್ತು. ಆಮೇಲೆ ಅದೂ ಒಂದು ಬ್ಲೌಸಿನ ಬೆನ್ನು ಎನ್ನುವ ಹಾಗೆ ಕೆಲಸ ಸಾಗಿತು. ಹಲ್ಲು ಕಿರಿದು ನಗುವ ಆ ಮುಖಗಳು ಹೂವಿನಲ್ಲಿ ಮುಳುಗಿ ಮುದುಕಿಯರು ಮದುವೆಗೆ ಹೊರಟ ಹಾಗೆ ಕಾಣುತ್ತಿದ್ದವು.

ಕಪಾಟಿನಲ್ಲಿ ಮುಗಿದ ಬುರುಡೆಗಳ ಸಾಲು. ಒಂದೊಂದರ ಹಣೆಗೂ ಒಂದೊಂದು ಹೆಸರು ಬರೆದಿತ್ತು. ಅವರ ತೀರಿಹೋದವರ ಹೆಸರಿರಬೇಕು ಎಂದುಕೊಂಡೆ. ಕೇಳಲಿಲ್ಲ. ಗುರುತಿಲ್ಲದವರ ಮನೆಯಲ್ಲಿ ಕುಳಿತು, ಇವರು ಹೇಗೆ ಹೋದರು ಎಂದು ಕೆದಕುವುದು ಚೆನ್ನಲ್ಲ. ಆ ದಿನ ಬಾಯಿಬಿಟ್ಟು ಕೇಳಬೇಕಿದ್ದ ಎರಡು ಮಾತನ್ನೂ ಕೇಳದೆ ವಾಪಸು ಬಂದೆ.

ಊದ್ ಮೇಥಾ, ಸಿಂಕಿನ ಎದುರು

ಹಬ್ಬಕ್ಕೆ ಎರಡು ದಿನವಿತ್ತು, ಆಪರೇಷನ್ನಿಗೆ ಏಳು. ಮಧ್ಯಾಹ್ನ ಲೂಪೆ ಬಾಗಿಲು ತಟ್ಟಿ, ಕಾಗದದ ಪೆಟ್ಟಿಗೆಯೊಂದನ್ನು ನನ್ನ ಕೈಗಿತ್ತು, "ವಸಂತಿಗೆ" ಎಂದು ಹೇಳಿ ನಿದ್ದೆಗೆ ಹೋದಳು. ತೆರೆದು ನೋಡಿದೆ. ಅಂಗೈಯಷ್ಟು ದೊಡ್ಡ ಬುರುಡೆ. ನೀಲಿ ಹೂವು, ಕೆಂಪು ಬಳ್ಳಿ. ಹಣೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ವಸಂತಿ.

ಪೆಟ್ಟಿಗೆಯನ್ನು ತಟ್ಟನೆ ಮುಚ್ಚಿದೆ.

ನಮ್ಮ ಮನೆಯ ಕ್ರಮ ಹೇಳದೆ ಇದು ಅರ್ಥವಾಗುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಒಂದು ದಿನ ನಾವೂ ಹಿರಿಯರಿಗೆ ಬಡಿಸುತ್ತೇವೆ. ಒಬ್ಬೊಬ್ಬರ ಹೆಸರಿಗೂ ಒಂದೊಂದು ಬಾಳೆಲೆ. ಎಲೆಗೆ ಅವರವರ ಇಷ್ಟದ್ದು. ಅಜ್ಜಿಗೆ ಪತ್ರೊಡೆ, ಮಾವನಿಗೆ ಕೋಳಿ ಸುಕ್ಕ, ಬದಿಗೊಂದು ಬೀಡಿ ಕಟ್ಟು. ಬಡಿಸಿದ ಮೇಲೆ ಬಾಗಿಲೆಳೆದು ಹೊರಗೆ ಕೂರುತ್ತೇವೆ. ಅವರ ಊಟ ಮುಗಿದಿರಬಹುದು ಎನ್ನುವಾಗ ಮೂರು ಸಲ ತಟ್ಟಿ ಒಳಗೆ ಹೋಗುತ್ತೇವೆ. ಎಲೆ ಹಾಕುವಾಗ ಅಮ್ಮ ಹೆಸರು ಹೇಳಿ ಹೇಳಿ ಎಣಿಸುತ್ತಿದ್ದರು. ಒಂದೇ ಒಂದು ಎಲೆ ಹೆಚ್ಚಾಗಬಾರದು. ಬದುಕಿರುವವರ ಹೆಸರಿಗೆ ಎಲೆ ಹಾಕುವುದುಂಟೇ? ಅಂಥದರಲ್ಲಿ ಹೊಟ್ಟೆ ಕೊಯ್ಯಿಸಿಕೊಳ್ಳಲು ಹೊರಟ ನನ್ನ ತಂಗಿಯ ಹೆಸರು, ಅದೂ ಬುರುಡೆಯ ಹಣೆಗೆ!

ವಸಂತಿ ನೋಡಬಾರದು. ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ, ಹೆಸರಿದೆಯಲ್ಲ. ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಇಳಿಬಿಟ್ಟೆ. ಮೊದಲು ಹೂವು ಹೋಯಿತು, ಆಮೇಲೆ ಹೆಸರು, ಆಮೇಲೆ ಹಲ್ಲು. ಕೊನೆಗೆ ಎರಡು ಬೇಗಡೆಯ ಕಣ್ಣು ತೇಲುತ್ತ ನನ್ನನ್ನೇ ನೋಡುತ್ತಿದ್ದವು. ನೀರನ್ನು ಸಿಂಕಿಗೆ ಸುರಿದು, ಪಾತ್ರೆಯನ್ನು ಎರಡು ಸಲ ತಿಕ್ಕಿದೆ.

ಸಂಜೆ ವಸಂತಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಲೂಪೆಯ ಬಾಗಿಲು ತೆರೆಯಿತು. "ಹೇಗಿದೆ? ಇಷ್ಟವಾಯಿತಾ?"

ವಸಂತಿ ನನ್ನತ್ತ ನೋಡಿದಳು. ನಾನು, "ಕೈಜಾರಿ ಬಿತ್ತು," ಎಂದೆ.

"ಪರವಾಗಿಲ್ಲ ಅಕ್ಕಾ! ಅಲ್ಲಿಂದ ತಂದ ಬಿಳಿ ಬುರುಡೆ ಇನ್ನೂ ಇದೆ, ನಾಳೆ ಇನ್ನೊಂದು ಬರೆದು ಕೊಡುತ್ತೇನೆ. ಇದಕ್ಕಿಂತ ದೊಡ್ಡದು!"

"ಬೇಡ!" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನಿಜ ಹೇಳದೆ ದಾರಿ ಉಳಿಯಲಿಲ್ಲ. ಕೆಟ್ಟ ಶಕುನವೆಂದು ತೋರಿತು, ಬಿಸಿನೀರಿನಲ್ಲಿ ಕರಗಿಸಿದೆ, ಎಂದು ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಹೇಳಿದೆ. ಗೊತ್ತಿದ್ದದ್ದು ಕಡಿಮೆಯಾದ್ದರಿಂದ ಅದು ಬೇಕಾದ್ದಕ್ಕಿಂತ ಒರಟಾಗಿ ಬಂತು. ನೀನು ನನ್ನ ತಂಗಿಗೆ ಸಾವು ಕೊಟ್ಟೆ, ಎನ್ನುವ ಹಾಗೆ.

ಲೂಪೆ ಒಳಗೆ ಹೋದಳು. ಬಾಗಿಲು ಮೆಲ್ಲಗೆ ಮುಚ್ಚಿತು. ಅದು ದಡಾರೆಂದಿದ್ದರೆ ವಾಸಿಯಿತ್ತು.

"ಎಂತ ಮಾಡಿದ್ದು ನೀನು?" ವಸಂತಿಯ ದನಿ ಸಣ್ಣಗಿತ್ತು. "ಎರಡು ದಿನ ನಿದ್ದೆ ಬಿಟ್ಟು ಮಾಡಿದ್ದಾಳೆ. ಅವರಲ್ಲಿ ಅದನ್ನು ಪ್ರೀತಿಯವರಿಗೆ ಮಾತ್ರ ಕೊಡುವುದು. ಪ್ರತಿ ವರ್ಷ ನನಗೆ ಕೊಡ್ತಾಳೆ, ಗೊತ್ತುಂಟಾ? ನಾನಿನ್ನೂ ಸತ್ತಿದ್ದೇನಾ?"

"ನನಗೆ ಹೇಗೆ ಗೊತ್ತಾಗ್ಬೇಕು?"

"ಕೇಳ್ಬೇಕು! ಬಾಯಿ ಉಂಟಲ್ಲ!" ಎಂದವಳೇ ಮಂಚದ ಮೇಲೆ ಕುಳಿತುಬಿಟ್ಟಳು. "ಈ ಊರಲ್ಲಿ ನನಗೆ ಇರುವುದು ಅವಳೊಬ್ಬಳು ಅಕ್ಕ. ನೀನು ಹದಿನೈದಕ್ಕೆ ವಿಮಾನ ಹತ್ತುತ್ತಿ."

ಕೇಳಬೇಕು ಎಂದು ನನಗೆ ಬೈದವಳು ತಾನು ಲೂಪೆಯನ್ನು ಏನೂ ಕೇಳಿರಲಿಲ್ಲ. ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ಅಂತೂ, ಕೇಳದೆಯೂ ಬರಬಹುದಾಗಿದ್ದ ಒಬ್ಬಳನ್ನು ನಾನು ಸಿಂಕಿಗೆ ಸುರಿದು ಬಂದಿದ್ದೆ.

ಎದುರಿನ ಬಾಗಿಲು

ಮರುದಿನ ಆ ಬಾಗಿಲು ತೆರೆಯಲಿಲ್ಲ. ನವೆಂಬರ್ ಒಂದರ ಬೆಳಿಗ್ಗೆ ಕಸ ಹಾಕಲು ಹೊರಬಂದೆ. ಲೂಪೆಯ ಹೊಸ್ತಿಲಿನಿಂದ ಕಾರಿಡಾರಿಗೆ ಒಂದು ಗೇಣು ಗೊಂಡೆಯ ಎಸಳು ಚೆಲ್ಲಿತ್ತು. ಬಾಗಿಲು ಅರ್ಧ ತೆರೆದಿತ್ತು. ಹಿರಿಯರಿಗಾಗಿ ತೆರೆದದ್ದು, ನನಗಾಗಿ ಅಲ್ಲ.

ಕ್ಷಮೆ ಕೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಫ್ರೀಜರಿನಲ್ಲಿ ಕೋಳಿಯಿತ್ತು. ಊರಿಂದ ತಂದ ಮಸಾಲೆಯೂ, ಒಣ ರೊಟ್ಟಿಯ ಕಟ್ಟೂ ಇದ್ದವು. ಹನ್ನೊಂದಕ್ಕೆಲ್ಲ ಸುಕ್ಕ ಮುಗಿಸಿ, ಬಾಳೆಲೆ ಇಲ್ಲದ್ದಕ್ಕೆ ಸ್ಟೀಲಿನ ತಟ್ಟೆಯಲ್ಲಿ ಹಾಕಿಕೊಂಡು, ಎಸಳು ತುಳಿಯದ ಹಾಗೆ ಬದಿಯಲ್ಲಿ ನಿಂತು ಮೂರು ಸಲ ತಟ್ಟಿದೆ.

ಒಳಗೆ ಮೂರು ಮೆಟ್ಟಿಲಿನ ಮೇಜು, ಕತ್ತರಿಸಿದ ಬಣ್ಣದ ಕಾಗದದ ತೋರಣ, ದೀಪ, ಬಖೂರಿನ ಹೊಗೆ. ಅವರೂರಿನ ಧೂಪ ಸಿಗದ್ದಕ್ಕೆ ಅರಬ್ಬಿಗಳ ಈ ಸುಗಂಧವನ್ನೇ ಹಾಕಿದ್ದಳು. ಅಪ್ಪನ ಫೋಟೋ, ಎದುರಿಗೆ ಸಿಗರೇಟು. ಅಜ್ಜಿಯ ಫೋಟೋ, ಎದುರಿಗೆ ಚಾಕೊಲೇಟು. ಮೇಲೆ ಎಲುಬಿನ ಆಕಾರವಿಟ್ಟು ಬೇಯಿಸಿದ ಬನ್ನು. ನಡುನಡುವೆ ಬುರುಡೆಗಳು.

"ಅಪ್ಪನಿಗೆ," ಎಂದು ತಟ್ಟೆ ಚಾಚಿದೆ. "ಕೋಳಿ ತಿನ್ನುತ್ತಿದ್ದರಾ?"

ಲೂಪೆ ತಟ್ಟೆ ನೋಡಿದಳು, ಮೂಸಿದಳು. "ಖಾರವಾ?"

"ಖಾರ."

"ಹಾಗಿದ್ದರೆ ಅಪ್ಪನಿಗೆ ಆಗುತ್ತದೆ." ಅದನ್ನು ಸಿಗರೇಟಿನ ಪಕ್ಕದಲ್ಲಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯನ್ನು ಕಾಲಿನಲ್ಲೇ ನನ್ನತ್ತ ತಳ್ಳಿದಳು.

ಕುಳಿತು ಎಲೆಯ ಕಥೆ ಹೇಳಿದೆ. ಬಾಗಿಲು ಮುಚ್ಚುವುದು, ತಟ್ಟುವುದು, ಬೀಡಿ, ಎಣಿಕೆ ತಪ್ಪಬಾರದು ಎನ್ನುವುದು. ಅವಳು ಬಾಯಿತೆರೆದು ಕೇಳಿದಳು. "ಅವರು ಉಣ್ಣುವಾಗ ನೀವು ಹೊರಗಾ? ಪಾಪ, ಒಬ್ಬರೇ ಕೂತು ಉಣ್ಣಬೇಕಾ? ನಾವು ಜೊತೆಯಲ್ಲೇ ಉಣ್ಣುತ್ತೇವೆ."

"ಮತ್ತೆ ಬದುಕಿರುವವರ ಹೆಸರು?"

ಅವಳು ಮೇಜಿನ ಬದಿಯಿಂದ ಒಂದು ಬುರುಡೆ ಎತ್ತಿ ತೋರಿಸಿದಳು. ಹಣೆಯ ಮೇಲೆ ಅವಳದೇ ಹೆಸರು. ರೋಸಾ ಕೊಟ್ಟದ್ದಂತೆ. "ಸತ್ತವರಿಗೆ ಹೆಸರು ಬರೆದುಕೊಡಬೇಕಾಗಿಲ್ಲ, ಅವರಿಗೆ ಎಲ್ಲ ಗೊತ್ತಾಗಿದೆ," ಎಂದಳು. "ಇದು ನಮಗೆ. ಒಂದಲ್ಲ ಒಂದು ದಿನ ನೀನೂ ಹೀಗೇ ನಗುತ್ತೀಯ, ಹೆದರಬೇಡ ಅಂತ ಗೆಳತಿ ಕೊಡುವುದು. ತಿಂದುಬಿಡಬೇಕು. ನಿನ್ನ ಸಾವನ್ನು ನೀನೇ ಕಚ್ಚಿ ತಿಂದೆ ಅಂತಾಯಿತು. ವಸಂತಿ ರಾತ್ರಿಯೆಲ್ಲ ಗೂಗಲ್‌ನಲ್ಲಿ ಆಪರೇಷನ್ ನೋಡುತ್ತಾಳೆ, ನನಗೆ ಗೊತ್ತಿದೆ. ಅವಳು ಹೇಳುವುದಿಲ್ಲ."

ನನಗೆ ಗೊತ್ತಿರಲಿಲ್ಲ. ಅದೇ ಕೋಣೆಯಲ್ಲಿ ಮಲಗುವವಳು ನಾನು.

ಅವಳು ಒಳಗಿನಿಂದ ಇನ್ನೂ ಏನೂ ಬರೆಯದ ಒಂದು ಬಿಳಿ ಬುರುಡೆ ತಂದು ನನ್ನೆದುರು ಇಟ್ಟಳು. ಕೆಂಪು ಸಕ್ಕರೆಯ ಕೋನು ಕೈಗೆ ಕೊಟ್ಟಳು. "ಈ ಸಲ ನೀನು ಬರಿ."

ಬ್ಲೌಸಿಗೆ ಕತ್ತರಿ ಹಾಕುವಾಗಲೂ ನನ್ನ ಕೈ ಅಷ್ಟು ತಡೆದದ್ದಿಲ್ಲ. ಅಮ್ಮ ಎಲೆ ಎಣಿಸುತ್ತಿದ್ದದ್ದು ಕಿವಿಯಲ್ಲಿತ್ತು. ಲೂಪೆ ಅವಸರ ಮಾಡಲಿಲ್ಲ, ಬನ್ನು ತಿನ್ನುತ್ತ ಕುಳಿತಳು. ಕೊನೆಗೆ ಬರೆದೆ. ಕನ್ನಡದಲ್ಲೇ ಬರೆದೆ. ಸೊನ್ನೆ ಕೊಂಚ ದೊಡ್ಡದಾಯಿತು.

ಸಂಜೆ ವಸಂತಿ ಅದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹಣೆಯ ಮೂಲೆ ಕಚ್ಚಿದಳು. "ಬರೀ ಸಕ್ಕರೆ," ಎಂದಳು ಅಗಿಯುತ್ತ. "ಪ್ರತಿ ವರ್ಷದ ಹಾಗೇ." ಮೂವರೂ ಕುಳಿತು ತಿಂದೆವು. ಗಲ್ಲದ ಭಾಗ ನನಗೆ ಬಂತು. ರುಚಿಯ ಮಾತು ಕೇಳಿದರೆ ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚೇ.

ಆದರೆ ಆರು ವಾರದ ಮಾತನ್ನು ಅಂದೂ ವಸಂತಿ ಎತ್ತಲಿಲ್ಲ. ನಾನು ಎತ್ತಿದೆ, ಅವಳೆದುರೇ. ಲೂಪೆ ಆಶ್ಚರ್ಯದಿಂದ, "ನಾನು ಆಗಲೇ ಮಧ್ಯಾಹ್ನದ ಪಾಳಿ ಕೇಳಿಕೊಂಡಿದ್ದೇನಲ್ಲ," ಎಂದಳು. "ಬೆಳಿಗ್ಗೆ ಸ್ನಾನ, ತಿಂಡಿಗೆ ಇರಬೇಕಲ್ಲ. ಇವಳು ಹೇಳಲಿ ಎಂದು ಕಾಯುತ್ತಿದ್ದೆ."

ವಸಂತಿ ಕಿಟಕಿಯತ್ತ ಮುಖ ತಿರುಗಿಸಿದಳು. "ಮ್ಯಾನೇಜ್ ಮಾಡ್ತೇನೆ," ಎಂದಳು ಮತ್ತೆ.

ಆಸ್ಪತ್ರೆ, ಆಮೇಲೆ ಹೊರಡುವ ದಿನ

ಆಪರೇಷನ್ ಸುಸೂತ್ರವಾಯಿತು. ಆ ಗೋಪುರವನ್ನು ನೋಡಿದ್ದು ಆಗಲೇ. ಅದೂ ದಿಟ್ಟಿಸಿ ನೋಡಲಿಲ್ಲ, ಥಿಯೇಟರಿನ ಬಾಗಿಲಿನ ಮೇಲೆಯೇ ಕಣ್ಣಿತ್ತು. ಮೂರನೆಯ ದಿನ ಮನೆಗೆ ಕರೆತಂದೆವು. ಮುಂದುಗಡೆ ಬಟನ್ ಇರುವ ಸಡಿಲ ನೈಟಿ ನಾಲ್ಕು ಹೊಲಿದು ತಂದಿದ್ದೆ. ಹೊಟ್ಟೆಯ ಮೇಲೆ ಎಲ್ಲಿಯೂ ಹೊಲಿಗೆ ಬಾರದ ಹಾಗೆ ಕತ್ತರಿಸಿದ್ದು. ಮುಂದಿನ ದಿನಗಳಲ್ಲಿ ನಾನು ಲೂಪೆಗೆ ಗಂಜಿ ಮಾಡುವುದು, ಬೆನ್ನಿಗೆ ದಿಂಬು ಕೊಡುವುದು, ಮಗ್ಗುಲಾಗಿಸಿ ಎಬ್ಬಿಸುವುದು ಕಲಿಸಿದೆ. ಗಂಜಿಗೆ ಅವಳು ಬೆಣ್ಣೆ ಹಾಕುವುದನ್ನು ಎಷ್ಟು ಹೇಳಿದರೂ ಬಿಡಲಿಲ್ಲ. ವಸಂತಿ ಬೆಣ್ಣೆ ಗಂಜಿಯನ್ನು ಗೊಣಗುತ್ತ ಉಂಡಳು. ಆದರೆ ಬೇಕಾದ್ದನ್ನೆಲ್ಲ ಕೇಳುತ್ತಿದ್ದದ್ದು ನನ್ನನ್ನೇ. ಅದೂ ಬಾಯಿಬಿಟ್ಟಲ್ಲ. ಎದ್ದು ಕೂರಲು ಹವಣಿಸುತ್ತಿದ್ದಳು, ನಾನೇ ಓಡಿ ಹೋಗಬೇಕು.

ಹದಿನೈದರ ಬೆಳಿಗ್ಗೆ ಟ್ಯಾಕ್ಸಿ ಕೆಳಗೆ ಬಂದು ನಿಂತಿತು. ಲೂಪೆ ನನ್ನ ಪೆಟ್ಟಿಗೆಯನ್ನು ಲಿಫ್ಟಿನವರೆಗೆ ತಳ್ಳಿ ಬಂದಳು. "ಯಲ್ಲಾ ಅಕ್ಕಾ, ಹೊರಡು! ಮೊಮ್ಮಗು ಕಾಯುತ್ತದೆ!" ನಾನು ಮಂಚದ ಹತ್ತಿರ ಹೋಗಿ ಹೇಳಬೇಕಾದದ್ದನ್ನೆಲ್ಲ ಇನ್ನೊಮ್ಮೆ ಹೇಳಿದೆ. ಮಾತ್ರೆಯ ಹೊತ್ತು, ಭಾರ ಎತ್ತಬೇಡ, ಕೆಮ್ಮುವಾಗ ದಿಂಬು ಒತ್ತಿಕೋ. ವಸಂತಿ ಹೂಂ ಹೂಂ ಎಂದಳು. ಇಬ್ಬರೂ ಅಳುವವರಲ್ಲ. ಅವಳು ನನ್ನ ಸೆರಗಿನ ಪಿನ್ನು ಸರಿಮಾಡಿದಳು, ಅಷ್ಟೇ.

ಬಾಗಿಲಲ್ಲಿ ಕುಳಿತು ಶೂ ಹಾಕಿಕೊಳ್ಳುತ್ತಿದ್ದೆ. ಒಂದು ಕಾಲಿಗೆ ಹಾಕಿ ಆಗಿತ್ತು. ಒಳಗೆ ಮಂಚ ಕಿರುಗುಟ್ಟಿತು. ಎದ್ದು ಕೂರಲು ನೋಡುತ್ತಿದ್ದಾಳೆ ಎಂದು ಗೊತ್ತಾಯಿತು. ನಾನು ಅರ್ಧ ಎದ್ದೆ.

"ಲೂಪೆ," ಎಂದಳು ವಸಂತಿ. ಮಂಚದ ಸದ್ದು ನಿಂತಿತು. "ಸ್ವಲ್ಪ ನೀರು ಕೊಡ್ತೀಯಾ?"

ಹಾಗೇ ಕುಳಿತು ಇನ್ನೊಂದು ಶೂ ಹಾಕಿಕೊಂಡೆ.